ಎರಡು ಚೌಕಟ್ಟುಗಳ ನಡುವೆ ಪ್ರಜಾಪ್ರಭುತ್ವ

ಪ್ರಜಾಪ್ರಭುತ್ವದ ಪಾಠ ಸಾಮಾನ್ಯವಾಗಿ ಸಮಾಜ ವಿಜ್ಞಾನದ ಪುಸ್ತಕದಲ್ಲಿರುತ್ತದೆ. ವ್ಯಾಖ್ಯೆ, ಲಕ್ಷಣಗಳು, ಸರ್ಕಾರದ ಮೂರು ಅಂಗಗಳು. ಉರು ಹೊಡೆದರೆ ಅಂಕ ಬರುತ್ತದೆ, ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗುತ್ತದೆ. ಆದರೆ ಕೆಲವು ಭಾಷಾ ಶಿಕ್ಷಕರು ಬೇರೆ ದಾರಿ ಹಿಡಿದಿದ್ದಾರೆ. ಅವರು ತರಗತಿಗೆ ತರುವುದು ಗ್ರಾಫಿಕ್ ಕಾದಂಬರಿಯನ್ನು, ಅಂದರೆ ಕಾಮಿಕ್ಸ್ ರೂಪದ ಕಾದಂಬರಿಯನ್ನು. ಅದರಲ್ಲೂ ಡಿಸ್ಟೋಪಿಯಾ ಕಥೆಗಳನ್ನು. ಅಂದರೆ ಸಮಾಜ ಪೂರ್ತಿ ಹದಗೆಟ್ಟು, ಸರ್ವಾಧಿಕಾರಿಗಳ ಕೈಗೆ ಸಿಕ್ಕ ಕಾಲದ ಕಥೆಗಳನ್ನು.

ಮೊದಲ ನೋಟಕ್ಕೆ ಇದರಲ್ಲಿ ಯಾವುದೂ ಸರಿಯಿಲ್ಲ. ವಿಷಯ ಬೇರೆ ಮೇಷ್ಟ್ರದ್ದು. ಪುಸ್ತಕ ಕಾಮಿಕ್ಸ್. ಕಥೆಯಲ್ಲೋ ಪ್ರಜಾಪ್ರಭುತ್ವವೇ ಇಲ್ಲ!

ಆದರೂ ಈ ವಿಧಾನ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಎಲ್ಲರೂ ಹೇಳುವ ಕಾರಣ ಮಾತ್ರ ನನಗೆ ಅಷ್ಟು ಸರಿ ಕಾಣುವುದಿಲ್ಲ. 'ಸರ್ವಾಧಿಕಾರ ಎಷ್ಟು ಭಯಂಕರ ಅಂತ ತೋರಿಸಿದರೆ ಮಕ್ಕಳಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಾಗುತ್ತದೆ' ಎನ್ನುತ್ತಾರೆ. ಸರ್ವಾಧಿಕಾರ ಕೆಟ್ಟದ್ದು ಅಂತ ಹೇಳಿಸಲು ಒಂದು ಪುಸ್ತಕ ಬೇಕಾ? ಐದು ನಿಮಿಷದಲ್ಲಿ ಇಡೀ ತರಗತಿ ತಲೆಯಾಡಿಸುತ್ತದೆ. ಎಲ್ಲರೂ ತಲೆಯಾಡಿಸಿದ ಕಡೆ ಚರ್ಚೆ ಮುಗಿಯಿತು ಅಂತಲೇ ಲೆಕ್ಕ. ನಿಜವಾದ ಲಾಭ ಕಥೆಯ ನೀತಿಯಲ್ಲಿಲ್ಲ. ಆ ಪುಟವನ್ನು ಓದುವ ಕೆಲಸದಲ್ಲಿದೆ.

ಭಾಷಾ ತರಗತಿಯೇ ಯಾಕೆ ಅನ್ನುವುದರಿಂದ ಶುರು ಮಾಡೋಣ. ಒಳ್ಳೆಯ ಡಿಸ್ಟೋಪಿಯಾ ಕಥೆಗಳನ್ನು ಗಮನಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಅಲ್ಲಿನ ಆಳುವವರು ಭಾಷೆಗೆ ಕೈ ಹಾಕದೆ ಬಿಡುವುದಿಲ್ಲ. 1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ ಅವರ '1984' ಕಾದಂಬರಿಯಲ್ಲಿ ಸರ್ಕಾರವೇ 'ನ್ಯೂಸ್ಪೀಕ್' ಎಂಬ ಹೊಸ ಭಾಷೆ ತಯಾರಿಸುತ್ತಿರುತ್ತದೆ. ಪದಕೋಶದ ಕೆಲಸ ಅಂದರೆ ಅಲ್ಲಿ ಪದ ಸೇರಿಸುವುದಲ್ಲ, ತೆಗೆಯುವುದು. ವಿರೋಧಿಸಲು ಬೇಕಾದ ಪದಗಳೇ ಇಲ್ಲದಿದ್ದರೆ ವಿರೋಧದ ಯೋಚನೆಯೂ ಹುಟ್ಟಲಾರದು ಅನ್ನುವುದು ಲೆಕ್ಕಾಚಾರ. 2020ರಲ್ಲಿ ಬ್ರೆಜಿಲ್‌ನ ಚಿತ್ರಕಾರ ಫಿಡೊ ನೆಸ್ತಿ ಇದನ್ನು ಗ್ರಾಫಿಕ್ ಕಾದಂಬರಿಯಾಗಿ ತಂದರು. ಮಾರ್ಗರೆಟ್ ಅಟ್ವುಡ್ ಅವರ 'ದಿ ಹ್ಯಾಂಡ್‌ಮೇಡ್ಸ್ ಟೇಲ್'ನಲ್ಲಿ ಹೆಂಗಸರು ಓದುವಂತೆಯೇ ಇಲ್ಲ. ಅಂಗಡಿಗಳ ಬೋರ್ಡಿನ ಮೇಲಿನ ಅಕ್ಷರಗಳನ್ನೂ ಅಳಿಸಿ, ಬರೀ ಚಿತ್ರ ಉಳಿಸಿರುತ್ತಾರೆ. 2019ರಲ್ಲಿ ರೆನೆ ನಾಲ್ಟ್ ಇದಕ್ಕೆ ಚಿತ್ರರೂಪ ಕೊಟ್ಟರು. ಅಕ್ಷರ ಕಿತ್ತುಕೊಂಡ ಲೋಕದ ಕಥೆಯನ್ನು ಚಿತ್ರಗಳಲ್ಲೇ ಓದುವುದು ಒಂಥರಾ ತಮಾಷೆಯ ಅನುಭವ.

ತರಗತಿಗೆ ನನಗೆ ಇವೆರಡಕ್ಕಿಂತ ಜಾಸ್ತಿ ಇಷ್ಟವಾಗುವುದು ಲೋಯಿಸ್ ಲೋರಿ 1993ರಲ್ಲಿ ಬರೆದ 'ದಿ ಗಿವರ್'. ಪಿ. ಕ್ರೇಗ್ ರಸೆಲ್ ಇದನ್ನು 2019ರಲ್ಲಿ ಗ್ರಾಫಿಕ್ ಕಾದಂಬರಿ ಮಾಡಿದರು. ಅದರ ಲೋಕ ನೋಡಲು ನರಕದ ಹಾಗಿಲ್ಲ. ಎಲ್ಲವೂ ಶಾಂತ, ಎಲ್ಲರೂ ಸಭ್ಯರು. ಅಲ್ಲಿ ಮಕ್ಕಳಿಗೆ ಭಾಷೆಯನ್ನು ಕರಾರುವಾಕ್ಕಾಗಿ ಬಳಸುವ ತರಬೇತಿ ಸಿಗುತ್ತದೆ. 'ಹೊಟ್ಟೆಗಿಲ್ಲದೆ ಸಾಯುತ್ತಿದ್ದೇನೆ' ಅಂತ ಪುಟ್ಟ ಹುಡುಗ ಹೇಳಿದರೆ, 'ಇಲ್ಲ, ನಿನಗೆ ಹಸಿವಾಗಿದೆ ಅಷ್ಟೆ' ಎಂದು ತಿದ್ದುತ್ತಾರೆ. ಆದರೆ ಅದೇ ಊರಿನಲ್ಲಿ 'ಬಿಡುಗಡೆ' ಎಂಬ ಪದವೊಂದು ಓಡಾಡುತ್ತಿರುತ್ತದೆ. ಮುದುಕರಿಗೆ ಬಿಡುಗಡೆ. ತೂಕ ಸಾಲದ ಹಸುಗೂಸಿಗೆ ಬಿಡುಗಡೆ. ಹಾಗೆಂದರೇನು ಅಂತ ಯಾರೂ ಕೇಳುವುದಿಲ್ಲ. ಅಪ್ಪ ಒಂದು ಮಗುವನ್ನು 'ಬಿಡುಗಡೆ' ಮಾಡುವುದನ್ನು ಹುಡುಗ ಜೋನಾಸ್ ವಿಡಿಯೊದಲ್ಲಿ ಕಣ್ಣಾರೆ ನೋಡಿದಾಗ ಗೊತ್ತಾಗುತ್ತದೆ. ಅದು ಸೂಜಿ ಚುಚ್ಚಿ ಕೊಲ್ಲುವುದು.

ಮಾತನ್ನು ಇಷ್ಟು ತಿದ್ದುವ ಸಮಾಜ ಒಂದೇ ಒಂದು ಪದವನ್ನು ತಿದ್ದದೆ ಬಿಟ್ಟಿದೆ. ಇದನ್ನು ಹಿಡಿಯುವುದು ರಾಜಕೀಯ ಪಾಠವೂ ಹೌದು, ಶುದ್ಧ ಭಾಷಾ ಪಾಠವೂ ಹೌದು. ನಯವಾದ ಪದ ಏನನ್ನು ಮುಚ್ಚಿಡುತ್ತದೆ? ವಾಕ್ಯದಲ್ಲಿ ಕೆಲಸ ಮಾಡಿದವರು ಎಲ್ಲಿ ಹೋದರು? ಇಂಗ್ಲಿಷ್ ಕಲಿಯುವವರಿಗೆ ಕರ್ಮಣಿ ಪ್ರಯೋಗ ಕಲಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದು ಕಷ್ಟ. ನಮ್ಮ ಭಾಷೆಯಲ್ಲಿ ಈ ಕಣ್ಕಟ್ಟು ಇನ್ನೂ ಸುಲಭ. 'ಮನೆಗಳು ತೆರವಾದವು', 'ಲಾಠಿ ಪ್ರಹಾರ ನಡೆಯಿತು' ಅಂದುಬಿಟ್ಟರೆ ಸಾಕು. ತೆರವು ಮಾಡಿದವರೂ ಇಲ್ಲ, ಲಾಠಿ ಹಿಡಿದವರೂ ಇಲ್ಲ, ಎಲ್ಲ ತಾನಾಗೇ ಆದ ಹಾಗೆ. ಅಂಥ ವಾಕ್ಯಕ್ಕೆ ಕರ್ತೃಪದ ಹುಡುಕಿ ಸೇರಿಸುವುದು ವ್ಯಾಕರಣದ ಅಭ್ಯಾಸ. ಅದೇ ಕೆಲಸವನ್ನು ಪತ್ರಿಕೆ ಓದುವಾಗ ಮಾಡಿದರೆ ಅದು ಪ್ರಜೆಯ ಕೆಲಸ.

ಇಷ್ಟನ್ನು ಬರೀ ಗದ್ಯದಲ್ಲೇ ಮಾಡಬಹುದಲ್ಲ, ಚಿತ್ರ ಯಾಕೆ ಬೇಕು? ಇಲ್ಲಿ ಕಾಮಿಕ್ಸ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ಕಾಮಿಕ್ಸ್ ಪುಟದಲ್ಲಿ ಚೌಕಟ್ಟುಗಳಿರುತ್ತವೆ, ಅವುಗಳ ನಡುವೆ ಖಾಲಿ ಜಾಗವಿರುತ್ತದೆ. ಆ ಖಾಲಿ ಜಾಗಕ್ಕೆ 'ಗಟರ್' ಅನ್ನುತ್ತಾರೆ. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್ಲೌಡ್ 1993ರಲ್ಲಿ, ಕಾಮಿಕ್ಸ್ ಬಗ್ಗೆಯೇ ಒಂದು ಕಾಮಿಕ್ಸ್ ಪುಸ್ತಕ ಬರೆದು ಇದನ್ನು ಚೆನ್ನಾಗಿ ವಿವರಿಸಿದರು. ಅವರ ಉದಾಹರಣೆ ತುಂಬ ಪ್ರಸಿದ್ಧ. ಒಂದು ಚೌಕಟ್ಟಿನಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ, ಇನ್ನೊಬ್ಬ ಕಿರುಚುತ್ತಿದ್ದಾನೆ. ಮುಂದಿನ ಚೌಕಟ್ಟಿನಲ್ಲಿ ರಾತ್ರಿಯ ನಗರ, ಆಕಾಶದಲ್ಲಿ ಒಂದು ಚೀತ್ಕಾರ. ಕೊಲೆಯ ಚಿತ್ರ ಎಲ್ಲೂ ಇಲ್ಲ. ಏಟು ಹಾಕಿದ್ದು ಓದುಗ. ಎಲ್ಲಿಗೆ ಬಿತ್ತು, ಎಷ್ಟು ಜೋರಾಗಿ ಬಿತ್ತು, ಎಲ್ಲ ಅವನದೇ ತೀರ್ಮಾನ.

ಹಾಗಾಗಿ ಒಂದು ಪುಟವನ್ನು ಮೂವತ್ತು ಜನ ಓದಿದರೆ ಮೂವತ್ತು ಜನರೂ ಆ ಖಾಲಿ ಜಾಗವನ್ನು ಒಂದೇ ಥರ ತುಂಬುವುದಿಲ್ಲ. ಗದ್ಯದಲ್ಲಿ 'ಅವಳಿಗೆ ಭಯವಾಯಿತು' ಅಂತ ಬರೆದಿದ್ದರೆ ಅಲ್ಲಿಗೆ ಮುಗಿಯಿತು. ಚಿತ್ರದಲ್ಲಿ ಒಂದು ಮುಖವಿರುತ್ತದೆ. ಒಬ್ಬರು ಭಯ ಅನ್ನುತ್ತಾರೆ, ಇನ್ನೊಬ್ಬರು ಸಿಟ್ಟು ಅನ್ನುತ್ತಾರೆ. ಇಬ್ಬರೂ ಬೆರಳಿಟ್ಟು ತೋರಿಸಬೇಕು: ಹುಬ್ಬು ನೋಡು, ಕೈ ನೋಡು, ಹಿಂದಿನ ಚೌಕಟ್ಟಿನಲ್ಲಿ ಬಾಗಿಲು ಮುಚ್ಚಿತ್ತು ನೋಡು. ಭಾಷೆ ಕಲಿಯುವವರಿಗೆ ಇದು ಬಂಗಾರದಂಥ ಅವಕಾಶ. 'ನನಗೆ ಅನ್ನಿಸುವುದು', 'ಇದ್ದಿರಬಹುದು', 'ಯಾಕೆಂದರೆ', 'ಹಾಗಲ್ಲ, ಆದರೆ' ಇವೆಲ್ಲ ಪಾಠದ ಪಟ್ಟಿಯಿಂದ ಎದ್ದು ಬಾಯಿಗೆ ಬರುತ್ತವೆ.

ಈ ಗುಣವನ್ನು ಬೇಕೆಂದೇ ಹೆಚ್ಚಿಸಿದ ಪುಸ್ತಕ 'ವಿ ಫಾರ್ ವೆಂಡೆಟಾ'. ಬರೆದವರು ಅಲನ್ ಮೂರ್, ಚಿತ್ರ ಡೇವಿಡ್ ಲಾಯ್ಡ್. 1982ರಲ್ಲಿ ಬ್ರಿಟನ್ನಿನ 'ವಾರಿಯರ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಯಿತು. ಪತ್ರಿಕೆ ನಡುವೆಯೇ ನಿಂತುಹೋಯಿತು. ಕೊನೆಗೆ ಅಮೆರಿಕದ ಡಿಸಿ ಕಾಮಿಕ್ಸ್ ಮೂಲಕ 1989ರಲ್ಲಿ ಕಥೆ ಪೂರ್ತಿಯಾಯಿತು. ಅಣುಯುದ್ಧ ಆಗಿಹೋದ ಮೇಲಿನ ಬ್ರಿಟನ್, ಕಾಲ 1997. ಆಳುತ್ತಿರುವುದು 'ನಾರ್ಸ್‌ಫೈರ್' ಎಂಬ ಫ್ಯಾಸಿಸ್ಟ್ ಪಕ್ಷ. ಅದರ ಇಲಾಖೆಗಳಿಗೆ ದೇಹದ ಹೆಸರುಗಳು. ಕ್ಯಾಮೆರಾದಲ್ಲಿ ನೋಡುವುದು ಕಣ್ಣು, ಫೋನ್ ಕದ್ದು ಕೇಳುವುದು ಕಿವಿ, ತನಿಖೆ ಮಾಡುವುದು ಮೂಗು, ಪ್ರಚಾರ ಮಾಡುವುದು ಬಾಯಿ.

ಲಾಯ್ಡ್ ಇದರಲ್ಲಿ ಎರಡು ಸಂಗತಿಗಳನ್ನು ಕೈಬಿಟ್ಟರು. 'ಧಡ್', 'ಢಮಾರ್' ಥರದ ಸದ್ದಿನ ಪದಗಳು, ಮತ್ತೆ ಪಾತ್ರದ ಯೋಚನೆ ತೋರಿಸುವ ಗುಳ್ಳೆಗಳು. ಎರಡನೆಯದು ದೊಡ್ಡ ತೀರ್ಮಾನ. ಪಾತ್ರಗಳ ತಲೆಯೊಳಗೆ ಏನಿದೆ ಅಂತ ಗುಳ್ಳೆ ಹಾಕಿ ಹೇಳುವವರಿಲ್ಲ. 'ವಿ' ಎಂಬ ನಾಯಕನಂತೂ ಕೊನೆಯವರೆಗೂ ಮುಖವಾಡ ತೆಗೆಯುವುದಿಲ್ಲ. 1605ರಲ್ಲಿ ಇಂಗ್ಲೆಂಡಿನ ಸಂಸತ್ತನ್ನು ಸ್ಫೋಟಿಸಲು ಹೊರಟಿದ್ದ ಗೈ ಫಾಕ್ಸ್‌ನ ನಗುಮುಖ ಅದು. ಕೊಲ್ಲುವಾಗಲೂ ನಗು, ಸಾಯುವಾಗಲೂ ನಗು. ಅವನು ಒಳ್ಳೆಯವನಾ ಕೆಟ್ಟವನಾ ಎಂದು ಮುಖ ನೋಡಿ ತಿಳಿಯುವ ದಾರಿ ಮುಚ್ಚಿಹೋಗಿದೆ. ಅವನು ಮಾಡಿದ್ದನ್ನು ನೋಡಿಯೇ ಹೇಳಬೇಕು.

ಮೊದಲ ಪುಟಗಳನ್ನೇ ತೆಗೆದುಕೊಳ್ಳಿ. ಧ್ವನಿವರ್ಧಕದಲ್ಲಿ ಸರ್ಕಾರದ ರೇಡಿಯೊ ಮಾತಾಡುತ್ತಿದೆ. ಪೊಲೀಸ್ ದಾಳಿಯ ಸುದ್ದಿ, ಪಡಿತರದ ಸುದ್ದಿ, ಹವಾಮಾನ. ಮಳೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಶುರುವಾಗಿ ಎಷ್ಟಕ್ಕೆ ನಿಲ್ಲುತ್ತದೆ ಅನ್ನುವುದೂ ಅದರಲ್ಲಿದೆ! ಎಲ್ಲವೂ ಒಂದೇ ದನಿಯಲ್ಲಿ. ಚಿತ್ರ ಬೇರೆಯದನ್ನೇ ತೋರಿಸುತ್ತಿದೆ. ಎರಡು ಕೋಣೆಗಳಲ್ಲಿ ಇಬ್ಬರು ಕನ್ನಡಿ ಮುಂದೆ ನಿಂತು ತಯಾರಾಗುತ್ತಿದ್ದಾರೆ. ಅವರಲ್ಲಿ ಒಬ್ಬಳು ಹದಿನಾರರ ಹುಡುಗಿ. ದುಡ್ಡಿಲ್ಲದೆ ಕಂಗಾಲಾಗಿ ಮೈ ಮಾರಿಕೊಳ್ಳಲು ಬೀದಿಗೆ ಹೊರಟವಳು. ರೇಡಿಯೊ ಹೇಳುವ ದೇಶ ಒಂದು, ಕಣ್ಣಿಗೆ ಕಾಣುವ ದೇಶ ಇನ್ನೊಂದು.

ಒಂದು ಅವಧಿಗೆ ಇಷ್ಟು ಧಾರಾಳ ಸಾಕು. ಮೊದಲು ಅಕ್ಷರಗಳನ್ನೆಲ್ಲ ಬಿಳಿ ಕಾಗದದಿಂದ ಮುಚ್ಚಿ, ಚಿತ್ರ ಮಾತ್ರ ಕೊಡುವುದು. ಏನು ನಡೆಯುತ್ತಿದೆ ಅಂತ ಜೋಡಿಯಾಗಿ ಮಾತಾಡಲಿ. ಇನ್ನೊಂದು ಗುಂಪಿಗೆ ಚಿತ್ರವಿಲ್ಲದೆ ರೇಡಿಯೊ ಮಾತು ಮಾತ್ರ. ಆಮೇಲೆ ಎರಡೂ ಗುಂಪು ಎದುರುಬದುರು ಕೂತು, ತಮಗೆ ಗೊತ್ತಿರುವ ದೇಶ ಹೇಗಿದೆ ಅಂತ ವಿವರಿಸಲಿ. ಎರಡೂ ತಾಳೆಯಾಗುವುದಿಲ್ಲ. ಯಾಕೆ ತಾಳೆಯಾಗುತ್ತಿಲ್ಲ ಅನ್ನುವ ಪ್ರಶ್ನೆ ಅವರೇ ಎತ್ತುತ್ತಾರೆ. ಕೊನೆಗೆ ಚಿತ್ರದಲ್ಲಿ ಕಂಡದ್ದನ್ನು ಸೇರಿಸಿ ಅದೇ ಸುದ್ದಿಯನ್ನು ಮತ್ತೆ ಬರೆಯುವುದು. ಪ್ರತಿ ಕ್ರಿಯಾಪದಕ್ಕೂ ಕರ್ತೃ ಬೇಕು ಅನ್ನುವುದೊಂದೇ ಷರತ್ತು. ಇಲ್ಲಿ 'ಪ್ರಚಾರ', 'ಮಾಧ್ಯಮ ಸ್ವಾತಂತ್ರ್ಯ' ಅಂತ ಶಿಕ್ಷಕರು ಬೋರ್ಡಿನ ಮೇಲೆ ಬರೆಯುವ ಅಗತ್ಯವೇ ಬರುವುದಿಲ್ಲ.

ಇದೆಲ್ಲ ಬರೀ ಉತ್ಸಾಹಿ ಶಿಕ್ಷಕರ ಕಲ್ಪನೆಯಲ್ಲ. ವಿದೇಶಿ ಭಾಷಾ ಬೋಧನೆಯಲ್ಲಿ ದೊಡ್ಡ ಹೆಸರಾದ ಮೈಕಲ್ ಬೈರಮ್ 1997ರಲ್ಲೇ ಒಂದು ವಾದ ಮುಂದಿಟ್ಟರು. ಇನ್ನೊಂದು ಭಾಷೆ ಕಲಿಯುವುದೆಂದರೆ ಅದರಲ್ಲಿ ಮಾತಾಡಲು ಬರುವುದಷ್ಟೇ ಅಲ್ಲ, ಆ ಸಮಾಜವನ್ನೂ ತನ್ನ ಸಮಾಜವನ್ನೂ ಕಾರಣ ಕೊಟ್ಟು ವಿಮರ್ಶೆ ಮಾಡಲು ಬರಬೇಕು ಅನ್ನುವುದು ಅವರ ಮಾತು. ಯುರೋಪಿನ 'ಕೌನ್ಸಿಲ್ ಆಫ್ ಯುರೋಪ್' ಸಂಸ್ಥೆ 2018ರಲ್ಲಿ ಮೂರು ಸಂಪುಟಗಳ ಒಂದು ಮಾರ್ಗದರ್ಶಿ ಹೊರತಂದಿತು. ಪ್ರಜಾಪ್ರಭುತ್ವದಲ್ಲಿ ಬದುಕಲು ಬೇಕಾದ 20 ಸಾಮರ್ಥ್ಯಗಳ ಪಟ್ಟಿ ಅದರಲ್ಲಿದೆ. ಮತ ಹಾಕುವುದು, ಕಾನೂನು ತಿಳಿಯುವುದು ಮಾತ್ರ ಅಂದುಕೊಂಡರೆ ತಪ್ಪು. ಕಿವಿಗೊಟ್ಟು ಕೇಳುವುದು ಅಲ್ಲಿದೆ. ಭಾಷೆ ಮತ್ತು ಸಂವಹನದ ವಿಮರ್ಶಾತ್ಮಕ ತಿಳಿವಳಿಕೆ ಅಲ್ಲಿದೆ. ನನಗೆ ಇಷ್ಟವಾದದ್ದು ಇನ್ನೊಂದು: ಒಂದಕ್ಕಿಂತ ಹೆಚ್ಚು ಅರ್ಥ ಹೊರಡುವ ಸಂಗತಿಯನ್ನು ಚಡಪಡಿಸದೆ ಸಹಿಸಿಕೊಳ್ಳುವುದು. ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಮಕ್ಕಳು ಅಭ್ಯಾಸ ಮಾಡುವುದು ಇದನ್ನೇ ಅಲ್ವಾ?

ಎಡವುವ ಜಾಗಗಳೂ ಇವೆ. ಮೊದಲನೆಯದು ಶಿಕ್ಷಕರೇ. 'ಈ ಚಿತ್ರದ ಅರ್ಥ ಇದು, ಬರೆದುಕೊಳ್ಳಿ' ಅಂದ ಕ್ಷಣ ಎಲ್ಲ ಮುಗಿಯುತ್ತದೆ. ಸರಿ ಉತ್ತರ ಒಬ್ಬರ ಕೈಯಲ್ಲೇ ಇರುವ, ಬೇರೆ ಉತ್ತರಕ್ಕೆ ಅಂಕ ಕತ್ತರಿಸುವ ತರಗತಿಯಲ್ಲಿ ಕೂತು ಸರ್ವಾಧಿಕಾರದ ವಿರುದ್ಧ ಪ್ರಬಂಧ ಬರೆಸುವುದು ನಗೆಪಾಟಲು. ಹಾಗಂತ 'ಯಾರು ಏನು ಹೇಳಿದರೂ ಸರಿ' ಅನ್ನುವುದೂ ಅಷ್ಟೇ ಕೆಟ್ಟದ್ದು. ಅಭಿಪ್ರಾಯಕ್ಕೆ ಅಂಕ ಬೇಡ. ಪುಟದಿಂದ ತೆಗೆದು ಕೊಟ್ಟ ಆಧಾರಕ್ಕೆ ಅಂಕ ಕೊಡಿ. ಎದುರಿನವರ ವಾದವನ್ನು ಸರಿಯಾಗಿ ಮತ್ತೆ ಹೇಳಿ, ಆಮೇಲೆ ಉತ್ತರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ ಕೊಡಿ.

ಎರಡನೆಯದು ನಾಯಕನ ಸಮಸ್ಯೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 'ವಿ ಫಾರ್ ವೆಂಡೆಟಾ'ದ ನಾಯಕ ಕೊಲೆಗಾರ. ಅಷ್ಟೇ ಅಲ್ಲ, ತಾನೇ ಕಾಪಾಡಿದ ಈವೀ ಎಂಬ ಆ ಹುಡುಗಿಯನ್ನು ಮೋಸದಿಂದ ಕೂಡಿಹಾಕಿ, ಸರ್ಕಾರವೇ ಹಿಡಿದಿದೆ ಅಂತ ನಂಬಿಸಿ, ತಲೆ ಬೋಳಿಸಿ ಹಿಂಸೆ ಕೊಡುತ್ತಾನೆ. ಭಯದಿಂದ ಬಿಡಿಸಲು ಹೀಗೆ ಮಾಡಿದೆ ಅನ್ನುತ್ತಾನೆ. ಅವಳೂ ಕೊನೆಗೆ ಒಪ್ಪಿಕೊಳ್ಳುತ್ತಾಳೆ. ನಾವು ಒಪ್ಪಬೇಕಾ? ಇನ್ನೊಬ್ಬರ ಒಳ್ಳೆಯದಕ್ಕೆ ಅಂತ ಅವರನ್ನು ಕೇಳದೆಯೇ ಮಾಡುವುದನ್ನೇ ಅಲ್ಲಿನ ಸರ್ಕಾರವೂ ಮಾಡುತ್ತಿರುವುದು. ಈ ಭಾಗವನ್ನು ದಾಟಿಸಿ, ಮುಖವಾಡದವನನ್ನು ಸುಮ್ನೆ ಹೀರೋ ಮಾಡಿದರೆ ಆ ಪುಸ್ತಕ ಓದಿದ್ದೇ ದಂಡ.

ಇನ್ನೂ ಗಮನಿಸಿದರೆ, ಆ ಕಥೆಯಲ್ಲಿ ಪ್ರಜಾಪ್ರಭುತ್ವ ಯಾವ ಕಡೆಯೂ ಇಲ್ಲ. ಜಗಳ ಇರುವುದು ಫ್ಯಾಸಿಸಂ ಮತ್ತು ಯಾವ ಸರ್ಕಾರವೂ ಬೇಡ ಅನ್ನುವ ಅರಾಜಕತಾವಾದದ ನಡುವೆ. ಒಂದು ಕಡೆ ನಾಯಕ ಟಿವಿ ಕೇಂದ್ರಕ್ಕೆ ನುಗ್ಗಿ ಜನರನ್ನುದ್ದೇಶಿಸಿ ಮಾತಾಡುತ್ತಾನೆ. ಕೆಲಸಗಾರನನ್ನು ಕರೆದು ಗದರಿಸುವ ಮಾಲೀಕನ ಶೈಲಿಯಲ್ಲಿ. ನಿಮ್ಮನ್ನು ಆಳಿದವರು ಕಳ್ಳರು, ಸುಳ್ಳರು, ಹುಚ್ಚರು ನಿಜ, ಆದರೆ ಅವರನ್ನು ಆರಿಸಿದವರು ಯಾರು, ನೀವೇ ತಾನೆ ಅನ್ನುವ ಧಾಟಿ. ಮಾತು ಚುಚ್ಚುತ್ತದೆ. ಆದರೆ ಹೇಳುತ್ತಿರುವವನನ್ನು ಯಾರೂ ಆರಿಸಿಲ್ಲ! ಈ ಒಂದು ಭಾಷಣವನ್ನು ಇಟ್ಟುಕೊಂಡು ಒಂದು ವಾರ ಪಾಠ ಮಾಡಬಹುದು. ಗದರಿಕೆಯ ಭಾಷೆ ಹೇಗಿರುತ್ತದೆ, 'ನೀವು' ಅಂದಾಗ ಯಾರು ಒಳಗೆ, ಯಾರು ಹೊರಗೆ, ಹಾಸ್ಯ ಎಲ್ಲಿ ಬೆದರಿಕೆಯಾಗುತ್ತದೆ. ಭಾಷಾ ಮೇಷ್ಟ್ರಿಗೆ ಬೇಕಾದದ್ದೆಲ್ಲ ಅಲ್ಲಿದೆ.

ಒಂಟಿ ನಾಯಕನಿಗೆ ಎದುರಾಗಿ ಇನ್ನೊಂದು ಪುಸ್ತಕ ಇಡಬಹುದು. ಅರ್ಜೆಂಟೀನಾದ 'ಎಲ್ ಎಟೆರ್ನೌಟಾ'. ಹೆಕ್ಟರ್ ಹೆರ್ಮಾನ್ ಓಸ್ಟರ್‌ಹೆಲ್ಡ್ ಬರೆದು, ಫ್ರಾನ್ಸಿಸ್ಕೊ ಸೊಲಾನೊ ಲೋಪೆಸ್ ಚಿತ್ರ ಬರೆದ ಈ ಧಾರಾವಾಹಿ 1957ರಿಂದ 1959ರವರೆಗೆ ಬಂತು. ಬ್ಯೂನಸ್ ಐರಿಸ್ ನಗರದ ಮೇಲೆ ವಿಷದ ಹಿಮ ಬೀಳುತ್ತದೆ. ಮೈಗೆ ತಾಗಿದರೆ ಸಾವು. ಒಂದು ಮನೆಯಲ್ಲಿ ಇಸ್ಪೀಟು ಆಡುತ್ತಿದ್ದ ಗೆಳೆಯರು ಸಿಕ್ಕ ಸಾಮಾನಿನಿಂದ ಉಡುಪು ಹೊಲಿದು, ಮುಖಕ್ಕೆ ಮುಖವಾಡ ಹಾಕಿ ಹೊರಗೆ ಕಾಲಿಡುತ್ತಾರೆ. ಇಲ್ಲಿ ಉಳಿಯುವುದು ಗುಂಪಾಗಿ ಯೋಚಿಸಿದವರು. ಕಥೆಯ ನಿಜವಾದ ನಾಯಕ ಒಬ್ಬನಲ್ಲ, ಗುಂಪು ಅಂತ ಓಸ್ಟರ್‌ಹೆಲ್ಡ್ ಮುಂದೆ ತಾವೇ ಬರೆದರು. 1976ರಲ್ಲಿ ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಹಿಡಿಯಿತು. ಮರುವರ್ಷ ಓಸ್ಟರ್‌ಹೆಲ್ಡ್ ಅವರನ್ನು ಹಿಡಿದೊಯ್ದರು. ಅವರು ತಿರುಗಿ ಬರಲಿಲ್ಲ. ಅವರ ನಾಲ್ವರು ಹೆಣ್ಣುಮಕ್ಕಳೂ ಆ ಆಳ್ವಿಕೆಗೆ ಬಲಿಯಾದರು. ಸ್ಪ್ಯಾನಿಷ್ ಕಲಿಯುವ ತರಗತಿಯಲ್ಲಿ ಇದನ್ನು ಓದಿದವರಿಗೆ, ಡಿಸ್ಟೋಪಿಯಾ ಬರೀ ಕಲ್ಪನೆಯ ಆಟ ಅಂತ ಹೇಳಿ ನಂಬಿಸಲು ಆಗುವುದಿಲ್ಲ.

ವಯಸ್ಸು ಮತ್ತು ಭಾಷಾ ಮಟ್ಟದ ಬಗ್ಗೆ ಎರಡು ಮಾತು. ಚಿತ್ರ ಇದೆ ಅಂದ ಮಾತ್ರಕ್ಕೆ ಪುಸ್ತಕ ಸುಲಭ ಅಲ್ಲ. 'ವಿ' ಪಾತ್ರ ಷೇಕ್ಸ್‌ಪಿಯರ್ ಸಾಲುಗಳನ್ನು ಉದುರಿಸುತ್ತಾನೆ, ಹಿಂಸೆಯೂ ಸಾಕಷ್ಟಿದೆ. ಅದು ದೊಡ್ಡ ಮಕ್ಕಳಿಗೆ, ಅದೂ ಆಯ್ದ ಪುಟಗಳಲ್ಲಿ. ಹನ್ನೆರಡು ಹದಿಮೂರು ವಯಸ್ಸಿನವರಿಗೆ 'ದಿ ಗಿವರ್' ಸರಿ. ಅದರಲ್ಲಿ ಪುಟಗಳ ಬಣ್ಣವೇ ಕಥೆ ಹೇಳುತ್ತದೆ. ಬಣ್ಣ ಕಾಣದ ಸಮಾಜವಾದ್ದರಿಂದ ಚಿತ್ರಗಳು ಬಹುಪಾಲು ಬಣ್ಣವಿಲ್ಲದೆ ಸಾಗುತ್ತವೆ. ಜೋನಾಸ್‌ಗೆ ಬಣ್ಣ ಕಾಣತೊಡಗಿದಂತೆ ಪುಟಕ್ಕೂ ಬಣ್ಣ ಇಳಿಯುತ್ತದೆ. ಇಡೀ ಪುಸ್ತಕ ಓದಿಸಲೇಬೇಕು ಅನ್ನುವ ಹಟ ಬೇಡ. ಒಂದು ಪುಟ ನಿಧಾನವಾಗಿ ಓದಿದರೆ ಆಗುವ ಲಾಭ, ನೂರು ಪುಟ ಓಡಿಸಿದರೆ ಆಗುವುದಿಲ್ಲ.

ಚಿತ್ರಪುಸ್ತಕ ತರಗತಿಗೆ ಬಂದರೆ ಆಕ್ಷೇಪವೂ ಬರುತ್ತದೆ. 2022ರ ಜನವರಿಯಲ್ಲಿ ಅಮೆರಿಕದ ಟೆನ್ನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ, ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' ಅನ್ನು ಪಠ್ಯದಿಂದ ತೆಗೆಯಿತು. ಪುಲಿಟ್ಜರ್ ಗೌರವ ಪಡೆದ ಗ್ರಾಫಿಕ್ ಕೃತಿ ಅದು. ಡಿಸ್ಟೋಪಿಯಾ ಅಲ್ಲ, ನಾಜಿಗಳ ಕೈಯಲ್ಲಿ ಯಹೂದಿಗಳಿಗೆ ನಿಜವಾಗಿ ಆದದ್ದರ ಕಥೆ. ಕೆಲವು ಒರಟು ಪದಗಳು ಮತ್ತು ಒಂದು ನಗ್ನ ಚಿತ್ರ ಮಂಡಳಿ ಕೊಟ್ಟ ಕಾರಣ. ಆ ಸಭೆಯ ನಡಾವಳಿ ಸಾರ್ವಜನಿಕ ದಾಖಲೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ಪಠ್ಯ. ಮಂಡಳಿಯ ವಾದವನ್ನು ಅದರ ಬಲವಾದ ರೂಪದಲ್ಲಿ ಬರೆಯಲು ಒಂದು ಗುಂಪಿಗೆ, ಎದುರು ವಾದ ಬರೆಯಲು ಇನ್ನೊಂದು ಗುಂಪಿಗೆ ಹೇಳಿ. ಆಮೇಲೆ ಗುಂಪುಗಳನ್ನು ಅದಲು ಬದಲು ಮಾಡಿ.

ಇನ್ನು ಈ ಪುಸ್ತಕಗಳು ಬರೆಯದೇ ಬಿಟ್ಟ ಪುಟಗಳು. ಪ್ರಜಾಪ್ರಭುತ್ವ ಹೋದ ಮೇಲಿನ ದಿನಗಳನ್ನು ಡಿಸ್ಟೋಪಿಯಾ ಚೆನ್ನಾಗಿ ತೋರಿಸುತ್ತದೆ. ಅದು ಹೋಗುವ ಮುಂಚಿನ ಸಾಧಾರಣ ಮಂಗಳವಾರವನ್ನು ತೋರಿಸುವುದು ಕಡಿಮೆ. ಬಿದ್ದ ಮೇಲೆ ಮತ್ತೆ ಕಟ್ಟುವುದನ್ನು ತೋರಿಸುವುದು ಇನ್ನೂ ಕಡಿಮೆ. ಸಭೆ, ಬಜೆಟ್ಟು, ತಿದ್ದುಪಡಿ ಇವೆಲ್ಲ ಚಿತ್ರಕ್ಕೆ ಬೋರು. ಮಕ್ಕಳಿಗೆ ಕೊಡಬೇಕಾದ ಅತ್ಯುತ್ತಮ ಕೆಲಸ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕಥೆ ಶುರುವಾಗುವ ಐದು ವರ್ಷ ಮುಂಚಿನ ಒಂದು ಪುಟ ಬರೆಯಿರಿ ಎನ್ನಿ. ಯಾವ ಸಣ್ಣ ನಿಯಮವನ್ನು ಜನ 'ಇರಲಿ ಬಿಡಿ' ಅಂದರು? ಯಾರ ಬಾಯಲ್ಲಿ ಆ ಮಾತು ಬಂತು?

ಆಮೇಲೆ, ಸರ್ವಾಧಿಕಾರಿ ಬಿದ್ದ ಮರುದಿನದ ಒಂದು ಪುಟ. ನೀರು ಯಾರು ಬಿಡಬೇಕು, ಪಡಿತರ ಹೇಗೆ ಹಂಚಬೇಕು, ಹಳೆಯ ಸರ್ಕಾರದ ಗುಮಾಸ್ತನನ್ನು ಇಟ್ಟುಕೊಳ್ಳಬೇಕಾ ಅಂತ ತೀರ್ಮಾನಿಸಲು ಇಪ್ಪತ್ತು ಜನ ಒಂದು ಕೋಣೆಯಲ್ಲಿ ಸೇರಿದ್ದಾರೆ. ಅವರ ಮಾತಿನ ಗುಳ್ಳೆಗಳನ್ನು ತುಂಬಬೇಕು. ಚಿತ್ರ ಕಡ್ಡಿ ಮನುಷ್ಯರದ್ದಾದರೂ ಪರವಾಗಿಲ್ಲ. 'ನನ್ನದೊಂದು ತಕರಾರಿದೆ', 'ಅವರು ಮುಗಿಸಲಿ', 'ಇದಕ್ಕೆ ಒಂದು ಮಾತು ಸೇರಿಸಬಹುದಾ', 'ಇನ್ನೊಮ್ಮೆ ಎಣಿಸಿ', 'ನಾನು ಒಪ್ಪುವುದಿಲ್ಲ, ಆದರೂ ಬಹುಮತದ ಪ್ರಕಾರ ನಡೆಯೋಣ' ಇಂಥ ವಾಕ್ಯಗಳು ಆ ಪುಟಕ್ಕೆ ಬೇಕಾಗುತ್ತವೆ. ಕಲಿಯುತ್ತಿರುವ ಭಾಷೆಯಲ್ಲಿ ಇವನ್ನು ಹೇಳುವುದು ಹೇಗೆ ಅಂತ ಆಗ ಅವರೇ ಬಂದು ಕೇಳುತ್ತಾರೆ.